ಜರಡಿಯ ಮೇಲೆ ಏನೂ ಉಳಿಯಲಿಲ್ಲ

ಭಾವನವರು ದವಡೆಹಲ್ಲು ಕೀಳಿಸಿಕೊಳ್ಳದೆ ಇದ್ದಿದ್ದರೆ ಆ ವರದಿ ಶುಕ್ರವಾರದ ಹೊತ್ತಿಗೆ ಸರಿಯಾಗಿ ಹೋಗಿಬಿಡುತ್ತಿತ್ತು. ನಾವೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿರುತ್ತಿದ್ದೆವು. ಹಲ್ಲು ಮೂರು ವರ್ಷದಿಂದ ಹಾಳಾಗಿತ್ತು, ಅಕ್ಕ ಮೂರು ವರ್ಷದಿಂದ ಹೇಳುತ್ತಲೇ ಇದ್ದಳು. ಅವರು ಆರಿಸಿಕೊಂಡದ್ದು ಮಾತ್ರ ಆ ವಾರವನ್ನು.

ನಾವಿಬ್ಬರೂ ಕೆಲಸ ಮಾಡುವುದು ಒಂದೇ ಮಣ್ಣು ಪರೀಕ್ಷಾ ಕೇಂದ್ರದಲ್ಲಿ. ಅವರದು ಮೊದಲ ಕೋಣೆ, ನನ್ನದು ಕೊನೆಯದು. ಹೊಲದಿಂದ ಚೀಲದಲ್ಲಿ ಬಂದ ಮಣ್ಣನ್ನು ಅವರು ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು, ಎರಡು ಮಿಲಿಮೀಟರ್ ಕಣ್ಣಿನ ಜರಡಿ ಹಿಡಿದು, ನುಣ್ಣಗೆ ಮಾಡಿ, ಪುಟ್ಟ ಡಬ್ಬಿಗಳಲ್ಲಿ ತುಂಬಿ ಕಳಿಸುತ್ತಾರೆ. ನಾನು ಅದರಲ್ಲಿ ಒಂದು ಚಿಟಿಕೆಯನ್ನು ತವರದ ಹಾಳೆಯಲ್ಲಿ ಸುತ್ತಿ ಯಂತ್ರಕ್ಕೆ ಹಾಕುತ್ತೇನೆ. ಯಂತ್ರ ಅದನ್ನು ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟು, ಎದ್ದ ಅನಿಲವನ್ನು ಅಳೆದು, ಮಣ್ಣಿನಲ್ಲಿ ನೂರಕ್ಕೆ ಎಷ್ಟು ಪಾಲು ಇಂಗಾಲ ಇತ್ತು ಅಂತ ಎರಡು ದಶಮಾಂಶದವರೆಗೆ ಹೇಳುತ್ತದೆ. ಅದಕ್ಕೆ ಸೆಖೆ ಆಗಬಾರದೆಂದು ನನ್ನ ಕೋಣೆಗೆ ಏಸಿ ಹಾಕಿಸಿದ್ದಾರೆ. ಅತಿಥಿಗಳು ಬಂದರೆ ನೇರವಾಗಿ ಅಲ್ಲಿಗೇ ಕರೆತರುತ್ತಾರೆ. ಜರಡಿ ಕೋಣೆಗೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ಧೂಳು.

ಕೇಂದ್ರದ ಹೆಮ್ಮೆಯ ಪ್ರಯೋಗ ನಮ್ಮ ಮುಖ್ಯಸ್ಥೆ ಮೇಡಂ ಅವರದು. ಒಂದೇ ಹೊಲದಲ್ಲಿ ಅಕ್ಕಪಕ್ಕ ಎರಡು ತಾಕು. ಒಂದನ್ನು ವರ್ಷವರ್ಷವೂ ಉಳುತ್ತಾರೆ, ಇನ್ನೊಂದಕ್ಕೆ ನೇಗಿಲು ಸೋಕಿಸುವುದಿಲ್ಲ. ಉಳದೆ ಬಿಟ್ಟ ಮಣ್ಣು ಹೆಚ್ಚು ಇಂಗಾಲ ಕೂಡಿಟ್ಟುಕೊಳ್ಳುತ್ತದೆಯೇ ಅನ್ನುವುದು ಪ್ರಶ್ನೆ. ಮೊದಲ ನಾಲ್ಕು ವರ್ಷ ನಕ್ಷೆಯಲ್ಲಿ ಎರಡೂ ತಾಕುಗಳ ಗೆರೆಗಳು ಒಂದರ ಮೇಲೊಂದು ಮಲಗಿದ್ದವು. ಐದನೇ ವರ್ಷ ಉಳದ ತಾಕಿನ ಗೆರೆ ತಲೆಯೆತ್ತಿತು, ಆಮೇಲೆ ಏರಿದ್ದೇ ಏರಿದ್ದು. ಆ ಮೊದಲ ನಾಲ್ಕು ವರ್ಷಗಳಿಗೆ ಮೇಡಂ ‘ಮಣ್ಣಿನ ಮೌನ’ ಎಂದು ಹೆಸರಿಟ್ಟರು. ಉಳುಮೆ ತಪ್ಪಿದ ಮಣ್ಣು ಮೊದಲು ಮೈ ಸುಧಾರಿಸಿಕೊಳ್ಳುತ್ತದೆ, ಆಮೇಲಷ್ಟೇ ಕೂಡಿಡಲು ಶುರುಮಾಡುತ್ತದೆ ಎಂದು ಅವರ ವಾದ. ಈ ಮೌನದ ಮೇಲೆ ಬೇರೆಯವರು ಪ್ರಬಂಧ ಬರೆದರು. ಒಬ್ಬ ಹುಡುಗಿ ಡಾಕ್ಟರೇಟೇ ಮುಗಿಸಿದಳು. ಈಗ ಹನ್ನೆರಡನೇ ವರ್ಷದ ಅಂಕಿಯೊಂದು ಬಿದ್ದರೆ ವರದಿ ಸರ್ಕಾರದ ಸಮಿತಿಗೆ ಹೋಗಬೇಕು, ಅದರ ಮೇಲೆ ದೇಶದ ರೈತರಿಗೆ ಉಳಬೇಕೋ ಬೇಡವೋ ಅಂತ ಸಲಹೆ ಹೊರಡಬೇಕು. ಮೇಡಂಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಗಳ ಶಾಲೆಯ ಒಂದು ಸಮಾರಂಭಕ್ಕೂ ಹೋದವರಲ್ಲ. ಹೊಲಕ್ಕೆ ಮಾತ್ರ ಒಂದು ವರ್ಷವೂ ತಪ್ಪಿಸಿಕೊಂಡವರಲ್ಲ. ಅವರ ಬದುಕಿನಲ್ಲಿ ತೋರಿಸುವಂಥದ್ದು ಅಂತ ಇದ್ದರೆ ಆ ಗೆರೆ ಒಂದೇ.

ಸೋಮವಾರ ಭಾವ ಕೆನ್ನೆ ಹಿಡಿದುಕೊಂಡು ರಜೆ ಹಾಕಿದರು. ಡಾಕ್ಟರು ಒಂದು ಹಲ್ಲು ಕೀಳಲು ಹೋಗಿ ಎರಡು ಕಿತ್ತಿದ್ದರಂತೆ. ಹನ್ನೆರಡನೇ ವರ್ಷದ ಚೀಲಗಳು ಜರಡಿ ಕೋಣೆಯಲ್ಲಿ ಹಾಗೇ ಕೂತಿದ್ದವು. ಕಾಯುವ ಹಾಗಿರಲಿಲ್ಲ, ನಾನೇ ಏಪ್ರನ್ ಕಟ್ಟಿಕೊಂಡೆ.

ನನಗೆ ಆ ಕೆಲಸ ಬಾರದು. ಗೋಡೆಯ ಮೇಲೆ ಅಂಟಿಸಿದ್ದ ಸೂಚನೆಗಳನ್ನು ಹೊಸ ಮದುಮಗ ಮಂತ್ರ ಹೇಳುವ ಹಾಗೆ ಒಂದೊಂದೇ ಓದಿಕೊಂಡು ಮಾಡಿದೆ. ಹೆಂಟೆಯನ್ನು ಮೆಲ್ಲಗೆ ಒಡೆಯಿರಿ. ಜರಡಿ ಹಿಡಿಯಿರಿ. ಜರಡಿಯ ಮೇಲೆ ಉಳಿದ ಕಲ್ಲು, ಬೇರು, ಕಸಕಡ್ಡಿಗಳನ್ನು ಬೇರ್ಪಡಿಸಿ, ತೂಗಿ, ಪುಸ್ತಕದಲ್ಲಿ ಬರೆಯಿರಿ. ಉಳದ ತಾಕಿನ ಅರ್ಧ ಕಿಲೋ ಮಣ್ಣು ಜರಡಿಯಿಂದ ಇಳಿದ ಮೇಲೆ ಮೇಲ್ಗಡೆ ಕೂದಲುಂಡೆಯ ಹಾಗೆ ಬೇರಿನ ಒಂದು ಸಿಂಬಿ ಉಳಿಯಿತು. ತೂಗಿದೆ: ಹತ್ತಿರ ಹತ್ತಿರ ನಾಲ್ಕು ಗ್ರಾಂ. ಉಳುವ ತಾಕಿನದರಲ್ಲಿ ನಾಲ್ಕೈದು ಎಳೆ, ಅರ್ಧ ಗ್ರಾಮೂ ಇಲ್ಲ. ಉಳದ ನೆಲದಲ್ಲಿ ಬೇರು ಮೇಲುಮೇಲಕ್ಕೇ ಹೆಣೆದುಕೊಂಡಿರುತ್ತದೆ, ಅದರಲ್ಲಿ ವಿಶೇಷವೇನೂ ಇಲ್ಲ ಅಂದುಕೊಂಡೆ. ಬೇರನ್ನು ಒಂದು ಕಾಗದದಲ್ಲಿ ಸುತ್ತಿಟ್ಟು, ಮಣ್ಣನ್ನು ನುಣ್ಣಗೆ ಮಾಡಿ, ನನ್ನ ತಣ್ಣನೆ ಕೋಣೆಗೆ ತಂದು ಯಂತ್ರಕ್ಕೆ ಹಾಕಿದೆ.

ಉಳುವ ತಾಕು 0.98 ಬಂತು. ಹೋದ ವರ್ಷ 1.01 ಇತ್ತು, ಅಷ್ಟು ಹೆಚ್ಚುಕಡಿಮೆ ಇದ್ದದ್ದೇ.

ಉಳದ ತಾಕು 1.02 ಬಂತು. ಹೋದ ವರ್ಷ 1.34 ಇತ್ತು.

ಯಂತ್ರ ಕೆಟ್ಟಿದೆ ಅಂತ ತೀರ್ಮಾನಿಸಿದೆ. ಮನುಷ್ಯ ಮೊದಲು ಹಾಗೆಯೇ ತೀರ್ಮಾನಿಸುವುದು. ಇಂಗಾಲ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಪರೀಕ್ಷೆಯ ಪುಡಿ ಹಾಕಿ ನೋಡಿದೆ. ಯಂತ್ರ ಕೂದಲೆಳೆಯಷ್ಟೂ ತಪ್ಪದೆ ಉತ್ತರ ಹೇಳಿತು. ಇನ್ನೊಂದು ಚೀಲ ಬಿಚ್ಚಿದೆ. 1.03. ಮತ್ತೊಂದು. 1.00. ಮಂಗಳವಾರ ಸಂಜೆಯ ಹೊತ್ತಿಗೆ ಆರು ಚೀಲ ಮುಗಿದಿತ್ತು. ಏಳು ವರ್ಷ ಏರಿದ ಗೆರೆ ಒಂದೇ ವರ್ಷದಲ್ಲಿ ಮೆಟ್ಟಿಲು ಜಾರಿದವರ ಹಾಗೆ ತಳಕ್ಕೆ ಬಂದು ಕೂತಿತ್ತು. ಏಸಿ ಕೋಣೆಯಲ್ಲಿ ನನ್ನ ಬೆನ್ನು ಬೆವರಿತು.

ಆ ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಬಲಗೆನ್ನೆ ಊದಿಸಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಕುರ್ಚಿಯಲ್ಲಿ ಒರಗಿದ್ದರು. ಮಾತಾಡಬೇಡಿ ಅಂದಿದ್ದಾರಂತೆ ಡಾಕ್ಟರು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ದೇವರು ಒಂದು ವಾರ ಕೊಟ್ಟಿದ್ದಾನೆ, ನೀನು ಬಂದು ಮಾತಾಡಿಸಿ ಕೆಡಿಸಬೇಡ ಅಂತ ಅಕ್ಕ ಬಾಗಿಲಲ್ಲೇ ಹೇಳಿದಳು.

ಭಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಮೊದಲು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ರಸ್ತೆ ಅಗಲ ಮಾಡುವಾಗ ಗಿರಣಿ ಹೋಯಿತು. ಅದೇ ಸುಮಾರಿಗೆ ನಮ್ಮ ಜರಡಿ ಕೋಣೆಯ ಹೆಂಗಸು ನಿವೃತ್ತರಾದರು. ಸದಾ ಕೈಯಲ್ಲಿ ಚಿಮಟ ಹಿಡಿದಿರುತ್ತಿದ್ದರಿಂದ ಅವರನ್ನು ಎಲ್ಲರೂ ಚಿಮಟದಮ್ಮ ಅನ್ನುತ್ತಿದ್ದರು. ಆ ಜಾಗಕ್ಕೆ ಭಾವನ ಹೆಸರು ಹೇಳಿದವನು ನಾನೇ. ಬೀಸುವುದು, ಜರಡಿ ಹಿಡಿಯುವುದು ಇವರಿಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ ಮೇಡಂ, ಅಂದಿದ್ದೆ. ಮೇಡಂ ನಕ್ಕು ಒಪ್ಪಿಕೊಂಡಿದ್ದರು. ಭಾವ ಬಂದಮೇಲೆ ಮಣ್ಣು ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ಬರತೊಡಗಿತ್ತು. ನಾನೇ ಎಷ್ಟೋ ಸಲ ಶಭಾಷ್ ಅಂದಿದ್ದೇನೆ.

ಬೇರುಗಳನ್ನು ಏನು ಮಾಡುತ್ತೀರಿ ಅಂತ ಕೇಳಿದೆ, ಆದಷ್ಟು ಸಾಮಾನ್ಯ ದನಿಯಲ್ಲಿ.

“ಯಾವ ಬೇರು?” ಅಂದರು, ಅರ್ಧ ಬಾಯಲ್ಲಿ.

“ಜರಡಿ ಮೇಲೆ ಉಳಿಯುತ್ತಲ್ಲ ಭಾವ.”

ಅವರು ಟವೆಲ್ ಸರಿಸಿದರು. ನೋವಿನ ನಡುವೆಯೂ ಮುಖದಲ್ಲಿ ಬೆಳಕು ಬಂತು. “ನನ್ನ ಜರಡಿ ಮೇಲೆ ಏನೂ ಉಳಿಯಲ್ಲ.”

ಆಮೇಲೆ ಅವರನ್ನು ತಡೆಯಲು ಡಾಕ್ಟರಿಂದಲೂ ಆಗುತ್ತಿರಲಿಲ್ಲ. ಗಿರಣಿಯವನ ಮರ್ಯಾದೆ ಇರುವುದೇ ತಕ್ಕಡಿಯಲ್ಲಂತೆ. ಒಬ್ಬರು ಐದು ಕಿಲೋ ಕಾಳು ತಂದರೆ ಐದು ಕಿಲೋ ಹಿಟ್ಟು ಮನೆಗೆ ಹೋಗಬೇಕು. ತೌಡು ಬಂದರೆ ತೌಡೂ ಅವರದೇ. ಚಿಮಟದಮ್ಮ ಎರಡು ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರಂತೆ, ಆ ತಾಯಿ ಬೇರನ್ನೆಲ್ಲ ಹೆಕ್ಕಿ ಹೆಕ್ಕಿ ಬುಟ್ಟಿಗೆ ಹಾಕುವುದನ್ನು ನೋಡಿ ಇವರಿಗೆ ಹೊಟ್ಟೆ ಉರಿದುಹೋಯಿತಂತೆ. ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಬಿಸಾಡುವುದೆಂದರೇನು. ಅವರು ಹೋದಮೇಲೆ ಇವರು ರಬ್ಬರ್ ಬಿರಡೆ ಹಿಡಿದು ಬೇರನ್ನು ಜರಡಿಗೆ ಉಜ್ಜಿ ಇಳಿಸಿದರು. ಎರಡು ವರ್ಷದ ಮೇಲೆ ಕಲ್ಬತ್ತು ತರಿಸಿಕೊಂಡು ಕುಟ್ಟಿ ಇಳಿಸಿದರು. ಇನ್ನೆರಡು ವರ್ಷದ ಮೇಲೆ ಮೇಡಂಗೆ ಅರ್ಜಿ ಕೊಟ್ಟು ಕರೆಂಟಿನ ಸಣ್ಣ ಗಿರಣಿ ಹಾಕಿಸಿಕೊಂಡರು.

“ಅರ್ಧ ಕಿಲೋ ಬಂದ್ರೆ ಅರ್ಧ ಕಿಲೋ ವಾಪಸ್,” ಅಂದರು. “ಏಳು ವರ್ಷದಲ್ಲಿ ಒಂದು ಗ್ರಾಂ ಆಚೆ ಹೋಗಿಲ್ಲ. ಬೇಕಾದ್ರೆ ಪುಸ್ತಕ ನೋಡು.”

ಅಕ್ಕ ತಟ್ಟೆ ಇಟ್ಟಳು. ನಾನು ಊಟ ಮುಟ್ಟದೆ ಬೆರಳಲ್ಲಿ ಲೆಕ್ಕ ಹಾಕುತ್ತಿದ್ದೆ. ಪ್ರಯೋಗದ ಐದು, ಏಳು, ಒಂಬತ್ತನೇ ವರ್ಷ. ಬಿರಡೆ, ಕಲ್ಬತ್ತು, ಗಿರಣಿ. ಮೇಡಂ ಅವರ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಸರಿಯಾಗಿ ಆ ಮೂರು ವರ್ಷಗಳಲ್ಲಿ. ಒಣಬೇರಿನ ಅರ್ಧದ ಹತ್ತಿರಹತ್ತಿರ ಇಂಗಾಲವೇ. ನಾಲ್ಕು ಗ್ರಾಂ ಬೇರು ಹಿಟ್ಟಾಗಿ ಅರ್ಧ ಕಿಲೋ ಮಣ್ಣಿಗೆ ಸೇರಿದರೆ ಒಂದು ಇದ್ದದ್ದು ಒಂದೂ ಕಾಲು ದಾಟುತ್ತದೆ. ಹನ್ನೆರಡು ವರ್ಷದ ಪ್ರಯೋಗ ಅಳೆದದ್ದು ಮಣ್ಣನ್ನಲ್ಲ, ನಮ್ಮ ಭಾವನವರ ಪ್ರಾಮಾಣಿಕತೆಯನ್ನು.

ಏನೋ ಮುಖ ಹೀಗಾಗಿದೆ, ನಿನಗೂ ಹಲ್ಲುನೋವೇ, ಅಂತ ಅಕ್ಕ ಕೇಳಿದಳು. ಹೌದು ಅಂದೆ.

ಬುಧವಾರ ಬೆಳಿಗ್ಗೆ ಮೇಡಂ ಕೋಣೆಗೆ ಹೋದೆ. ಅವರು ವರದಿಯ ಮುಖಪುಟಕ್ಕೆ ಬಣ್ಣ ಆರಿಸುತ್ತಿದ್ದರು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಒಳಗೆ ಹೋದಮೇಲೆ ಕಾಗದದ ಪೊಟ್ಟಣ ಬಿಚ್ಚಿ ಬೇರಿನ ಸಿಂಬಿಯನ್ನು ಅವರ ಮೇಜಿನ ಮೇಲೆ ಇಟ್ಟೆ, ಅಷ್ಟೆ. ಪಕ್ಕದಲ್ಲಿ ಅಂಕಿಗಳ ಹಾಳೆ. ಮಿಕ್ಕದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ.

ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಅವರು ವಾದ ಹೂಡಿದರು, ತುಂಬ ತಾಳ್ಮೆಯಿಂದ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ. ಎರಡೂ ತಾಕಿನ ಮಣ್ಣನ್ನು ಸಿದ್ಧಮಾಡಿದ್ದು ಒಂದೇ ಕೈ. ತಪ್ಪಿದ್ದರೆ ಎರಡರಲ್ಲೂ ಒಂದೇ ತಪ್ಪು. ವ್ಯತ್ಯಾಸ ಹಾಗೇ ಉಳಿಯಬೇಕು. ಹೇಳುತ್ತಾ ಹೇಳುತ್ತಾ ಅವರ ಕಣ್ಣು ಬೇರಿನ ಮೇಲೆ ಬಿತ್ತು. ಉಳುವ ತಾಕಿನ ಪೊಟ್ಟಣವನ್ನೂ ನಾನು ಬಿಚ್ಚಿದೆ. ಅದರಲ್ಲಿ ನಾಲ್ಕೈದು ಎಳೆ. ಫ್ಯಾನಿನ ಗಾಳಿಗೆ ಒಂದೆಳೆ ಹಾರಿ ಮುಖಪುಟದ ಮೇಲೆ ಬಿತ್ತು, ಅವರು ಅದನ್ನು ತೆಗೆಯಲಿಲ್ಲ.

“ಪರೀಕ್ಷೆ ಮಾಡೋಣ,” ಅಂದರು ಕೊನೆಗೆ. “ನಾನು ನಂಬಲ್ಲ.”

ಉಳದ ತಾಕಿನ ಒಂದು ಚೀಲವನ್ನು ಚೆನ್ನಾಗಿ ಕಲೆಸಿ ಎರಡು ಪಾಲು ಮಾಡಿದರು. ಭಾವನಿಗೆ ಫೋನ್ ಹೋಯಿತು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡೇ ಬಂದರು, ಯಾಕೆ ಏನು ಅಂತ ಕೇಳದೆ ಒಂದು ಪಾಲನ್ನು ಎಂದಿನಂತೆ ಸಿದ್ಧಮಾಡಿದರು. ಗೋಡೆಯ ಸೂಚನೆಯಂತೆ ಇನ್ನೊಂದನ್ನು ನಾನು ಮಾಡಿದೆ. ಡಬ್ಬಿಗಳ ಮೇಲೆ ಮೇಡಂ ತಾವೇ ಗುರುತು ಹಾಕಿದರು, ಯಾವುದು ಯಾರದೆಂದು ನನಗೆ ಹೇಳಲಿಲ್ಲ. ಯಂತ್ರದ ಮುಂದೆ ಒಂದು ಸ್ಟೂಲ್ ಎಳೆದುಕೊಂಡು ಕೂತರು. ಮೊದಲ ಅಂಕಿ 1.35. ಎರಡನೆಯದು 1.02.

ಯಾವುದು ಯಾರದೆಂದು ನಾನು ಕೇಳಲಿಲ್ಲ. ಅವರೂ ಡಬ್ಬಿ ತಿರುಗಿಸಿ ನೋಡಲಿಲ್ಲ.

“ಪುಸ್ತಕ ತರಿಸಿ,” ಅಂದರು.

ಜರಡಿ ಕೋಣೆಯ ಪುಸ್ತಕ ಬಂತು. ಭಾವನ ಅಕ್ಷರ ಮುತ್ತು. ಬಂದ ತೂಕ, ಹೋದ ತೂಕ, ಜರಡಿಯ ಮೇಲೆ ಉಳಿದದ್ದು. ಮೂರನೆಯ ಅಂಕಣದಲ್ಲಿ ಏಳು ವರ್ಷ ಮೇಲಿನಿಂದ ಕೆಳಗಿನವರೆಗೆ ಸೊನ್ನೆ. ಒಂದು ಸಾಲಿನಲ್ಲಾದರೂ ಬೇರೆ ಅಂಕಿ ಇದ್ದಿದ್ದರೆ ಯಾರಾದರೂ ಯಾಕೆ ಅಂದಿರುತ್ತಿದ್ದರೇನೋ. ಪ್ರತಿ ಪುಟದ ಅಡಿಯಲ್ಲಿ ಮೇಡಂ ಸಹಿ, ತಪ್ಪದೆ. ಅವರು ಒಂದು ಪುಟ ತಿರುವಿದರು, ಹತ್ತು ತಿರುವಿದರು, ಆಮೇಲೆ ಹೆಬ್ಬೆರಳಿನಿಂದ ಒಟ್ಟಿಗೆ ಬಿಟ್ಟರು. ಸೊನ್ನೆಗಳು ಜಲಪಾತದ ಹಾಗೆ ಇಳಿದವು.

“ಇದು ನನ್ನ ಸಹಿ,” ಅಂದರು, ಬೇರೆ ಯಾರದೋ ಬಗ್ಗೆ ಹೇಳುವವರಂತೆ. ಪುಸ್ತಕ ಮುಚ್ಚಿ, “ಆ ಮೊದಲ ನಾಲ್ಕು ವರ್ಷ ಮಾತ್ರ ಸರಿ ಇತ್ತು. ಅದಕ್ಕೆ ನಾನು ಮೌನ ಅಂತ ಹೆಸರಿಟ್ಟೆ.”



ಆಗ ಅವರು ಸಟಕ್ಕನೆ ಎದ್ದರು. ಮುಖಕ್ಕೆ ರಕ್ತ ಬಂತು. ಉಗ್ರಾಣ, ಅಂದರು. ನನಗೂ ಆಗಲೇ ಹೊಳೆದದ್ದು. ಪ್ರತಿ ವರ್ಷವೂ ಪ್ರತಿ ಚೀಲದ ಅರ್ಧ ಮಣ್ಣನ್ನು ಜರಡಿ ಹಿಡಿಯದೆ, ಬಂದಹಾಗೇ, ಗಾಜಿನ ಜಾಡಿಯಲ್ಲಿ ತುಂಬಿಡುವ ನಿಯಮವಿದೆ. ಎಂದಾದರೂ ಅನುಮಾನ ಬಂದರೆ ಇರಲಿ ಅಂತ. ಅವನ್ನೆಲ್ಲ ಈಗ ಬೇರು ತೆಗೆದು ಮತ್ತೆ ಅಳೆದರೆ ಏಳೂ ವರ್ಷದ ನಿಜವಾದ ಲೆಕ್ಕ ಸಿಕ್ಕುತ್ತದೆ. ಗೆರೆ ಏರದಿದ್ದರೆ ಬೇಡ, ಗೆರೆಯಾದರೂ ಇರುತ್ತದೆ. ಒಂದು ತಿಂಗಳು ಹಗಲಿಡೀ ಕೂತರೆ ಮುಗಿಸಬಹುದು. ಅವರು ಕಾರಿಡಾರಿನಲ್ಲಿ ಹೆಚ್ಚುಕಡಿಮೆ ಓಡಿದರು. ಐವತ್ತೆಂಟರ ಹೆಂಗಸು ಓಡುವುದನ್ನು ಕಂಡು ಗುಮಾಸ್ತರು ಎದ್ದು ನಿಂತರು. ನಾನು ಹಿಂದೆ, ನನ್ನ ಹಿಂದೆ ಬೀಗದ ಕೈ ಹಿಡಿದ ಭಾವ, ಏನಾಯಿತೆಂದು ತಿಳಿಯದೆ.

ಉಗ್ರಾಣದಲ್ಲಿ ಜಾಡಿಗಳು ಸಾಲಾಗಿ ನಿಂತಿದ್ದವು. ಧೂಳು ಒರೆಸಿ, ಚೀಟಿ ಅಂಟಿಸಿ, ವರ್ಷವಾರು. ಇಡೀ ಕೇಂದ್ರದಲ್ಲಿ ಅಷ್ಟು ಅಚ್ಚುಕಟ್ಟಾದ ಜಾಗ ಇನ್ನೊಂದಿಲ್ಲ. ಮೇಡಂ ಐದನೇ ವರ್ಷದ ಜಾಡಿ ತೆಗೆದು ಮುಚ್ಚಳ ತಿರುಗಿಸಿದರು. ಒಳಗೆ ಬೆರಳು ಹಾಕಿದರು. ಆರನೇ ವರ್ಷದ್ದು ತೆಗೆದರು. ಹತ್ತನೆಯದು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಹೆಂಟೆ ಇಲ್ಲ, ಕಡ್ಡಿ ಇಲ್ಲ. ಹೂವಿನ ಪರಾಗದಷ್ಟು ನುಣುಪು.

“ಇದನ್ನೂ ಬೀಸಿದ್ದೀರಾ?” ಅಂದರು. ದನಿ ಹೊರಡಲೇ ಇಲ್ಲ. ತುಟಿ ನೋಡಿ ನನಗೆ ಅರ್ಥವಾಯಿತು.

ಭಾವನಿಗೂ ಅರ್ಥವಾಯಿತು. ಕೆನ್ನೆಯ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದರು. “ಹುಳ ಹಿಡಿಯುತ್ತೆ ಅಂತ ಮೇಡಂ. ಇಡಿಯಾಗಿ ಇಟ್ಟರೆ ಹುಳ ಬಿಡಲ್ಲ. ಕೆಲಸ ಕಡಿಮೆ ಇದ್ದಾಗ ಒಂದೊಂದೇ ತೆಗೆದು ಬೀಸಿ ಇಟ್ಟೆ. ಎಲ್ಲ ಅಷ್ಟಕ್ಕಷ್ಟೇ ಇದೆ, ತೂಗಿ ನೋಡಿ.”

ಹಿಟ್ಟಿನೊಳಗಿನ ಬೇರನ್ನು ಯಾವ ಚಿಮಟದಿಂದ ಹೆಕ್ಕುವುದು. ಆಯಾ ವರ್ಷದ ಮಣ್ಣನ್ನು ಆಯಾ ವರ್ಷವೇ ತೆಗೆಯಬೇಕು, ಹೋದ ವರ್ಷದ ಹೊಲಕ್ಕೆ ಈ ವರ್ಷ ಹೋಗಲಾಗುವುದಿಲ್ಲ. ಮೇಡಂ ಜಾಡಿಯನ್ನು ಎದೆಗೆ ಅವುಚಿಕೊಂಡೇ ಅಲ್ಲಿದ್ದ ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ಭಾವ ನನ್ನ ಕಡೆ ನೋಡಿದರು. ನಾನು ಹೇಳಲೇಬೇಕಾಯಿತು, ಹೇಳಿದೆ. ಬೇರು ಮಣ್ಣಿನ ಲೆಕ್ಕಕ್ಕೆ ಸೇರಬಾರದಿತ್ತು ಭಾವ, ಅದು ಇಂಗಾಲದ ಗಂಟು, ಈ ಏಳು ವರ್ಷದ ಅಂಕಿ ಯಾವುದೂ ನಿಲ್ಲುವುದಿಲ್ಲ, ಅಂತ. ಅವರ ಊದಿದ ಮುಖದಲ್ಲಿ ಏನು ಆಡಿತೋ ಹೇಳುವುದು ಕಷ್ಟ. ಇಷ್ಟೇ ಅಂದರು:

“ಒಂದು ದಿನ ಬಂದು ಒಬ್ಬರು ಯಾಕೆ ಅಂತ ಹೇಳಿದ್ದರೆ ಸಾಕಿತ್ತು.”

ಅದು ದೂರಿನ ಮಾತಾಗಿರಲಿಲ್ಲ. ಆಶ್ಚರ್ಯವಾಗಿತ್ತು.

ಮಧ್ಯಾಹ್ನ ಮೇಡಂ ನನ್ನನ್ನು ಕರೆಸಿ ಕಂಪ್ಯೂಟರ್ ಮುಂದೆ ಕೂರಿಸಿದರು. ತಾವು ಹೇಳಿದಂತೆ ಟೈಪ್ ಮಾಡಿ ಅಂದರು. ಆಗಲೂ ಅವರ ಮುಂದೆ ಇನ್ನೊಂದು ದಾರಿಯೂ ಇತ್ತು, ನನಗೆ ಗೊತ್ತು. ಭಾವ ಮಾಡಿದ ಪಾಲಿನ 1.35 ಅನ್ನು ಹನ್ನೆರಡನೇ ವರ್ಷದ ಜಾಗದಲ್ಲಿ ಕೂರಿಸಿದ್ದರೆ ಗೆರೆ ಸೊಗಸಾಗಿ ಮುಗಿಯುತ್ತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ನಮ್ಮ ಮೂವರನ್ನು ಬಿಟ್ಟರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಆ ಮಾತು ನಮ್ಮಿಬ್ಬರ ನಡುವೆ ಒಂದು ಕ್ಷಣ ಬಂದು ನಿಂತದ್ದು ನಿಜ. ಯಾರೂ ಅದನ್ನು ಮಾತಾಡಿಸಲಿಲ್ಲ, ಅದು ಹೋಯಿತು.

ಸಮಿತಿಯ ಅಧ್ಯಕ್ಷರಿಗೆ ಪತ್ರ. ಶುಕ್ರವಾರ ತಲುಪಬೇಕಿದ್ದ ವರದಿಯನ್ನು ಕಳಿಸುತ್ತಿಲ್ಲ. ಐದರಿಂದ ಹನ್ನೊಂದನೇ ವರ್ಷದವರೆಗಿನ ಅಂಕಿಗಳಲ್ಲಿ ಬೇರು ಮಣ್ಣಿನೊಂದಿಗೆ ಬೀಸಿ ಸೇರಿದೆ, ಅವನ್ನು ಯಾರೂ ಬಳಸಬಾರದು. ಈ ಹಿಂದೆ ಪ್ರಕಟವಾದದ್ದನ್ನೂ ಬಳಸಬಾರದು. ಬೇರು ತೆಗೆದು ಅಳೆದ ಈ ವರ್ಷದ ಮಣ್ಣಿನಲ್ಲಿ ಎರಡು ತಾಕುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇಷ್ಟನ್ನು ಅವರು ಎಲ್ಲೂ ನಿಲ್ಲದೆ ಹೇಳಿದರು. ಕಾರಣ ಬರೆಯಬೇಕಾಗಿ ಬಂದಾಗ ಸುಮ್ಮನಾದರು. ನಾನು ಬುದ್ಧಿವಂತನಂತೆ ‘ಸಿಬ್ಬಂದಿಯ ಕಣ್ತಪ್ಪಿನಿಂದ’ ಅಂತ ಹೊಡೆದೆ. ಭಾವನ ಹೆಸರು ಬಾರದಿರಲಿ ಎಂಬ ಆಸೆಯೂ ಅದರಲ್ಲಿತ್ತು, ನನ್ನ ಹೆಸರು ಬಾರದಿರಲಿ ಎಂಬುದೂ.

ಮೇಡಂ ಬಗ್ಗಿ ಓದಿ ಅಳಿಸಿ ಅಂದರು. ಅಳಿಸಿದೆ. ಆ ಜಾಗದಲ್ಲಿ ಬರೆಸಿದ್ದು ಇದು: ಪ್ರಯೋಗದ ಮುಖ್ಯಸ್ಥೆಯಾದ ನಾನು ಈ ಏಳು ವರ್ಷಗಳಲ್ಲಿ ಮಣ್ಣು ಸಿದ್ಧಮಾಡುವುದನ್ನು ಒಮ್ಮೆಯೂ ನಿಂತು ನೋಡಿಲ್ಲ.

“ಮೇಡಂ, ಇಷ್ಟು ಬೇಕಾ?” ಅಂದೆ.

“ಇದು ಬಿಟ್ಟು ಬೇರೆ ಏನು ಗೊತ್ತು ನಮಗೆ, ಹೇಳಿ.”

ಕಳಿಸುವ ಗುಂಡಿಯನ್ನು ತಾವೇ ಒತ್ತಿದರು. ಉಗುರಿನ ಸಂದಿಯಲ್ಲಿ ಜಾಡಿಯ ಹಿಟ್ಟು ಹಾಗೇ ಇತ್ತು. ಪತ್ರ ಹೋಯಿತು ಅಂತ ಪರದೆ ಹೇಳಿತು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಅವರೂ ಹೋಗಿ ಅನ್ನಲಿಲ್ಲ. ಕೆಳಗೆ ಅಂಗಳದಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ.

ಎಂಟು ನಿಮಿಷಕ್ಕೆ ಮೇಜಿನ ಮೇಲಿನ ಫೋನ್ ಹೊಡೆದುಕೊಳ್ಳತೊಡಗಿತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ನಿಂತಿತು. ಮತ್ತೆ ಶುರುವಾಯಿತು, ನಿಂತಿತು. ಮೂರನೆಯ ಸಲಕ್ಕೆ ಮೇಡಂ ಕೈ ಒರೆಸಿಕೊಂಡು ಎತ್ತಿದರು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು, ಮಾತು ಮಾತ್ರ ತಿಳಿಯಲಿಲ್ಲ. ಅದು ಮುಗಿಯುವವರೆಗೆ ಕಾದರು.

“ಹೌದು ಸಾರ್,” ಅಂದರು. “ನೀವು ಓದಿದ್ದು ಸರಿಯಾಗಿದೆ.”